ನಂಬರಿಲ್ಲದ ಹರವಿ

ಎಂಬತ್ತರ ದಶಕದ ಒಂದು ಬ್ಯಾಸಗಿ. ದೇವದುರ್ಗದ ಕಡೆಯ ಸಣ್ಣ ಸರ್ಕಾರಿ ದವಾಖಾನೆಯಲ್ಲಿ ನಾನು ನರ್ಸ್. ರೋಗಿಗಳ ಕುಡಿಯುವ ನೀರಿಗೆ ಮಣ್ಣಿನ ಹರವಿ ಕೇಳಲು ರಾಯಚೂರಿನ ಸರ್ಕಾರಿ ಸ್ಟೋರಿಗೆ ಹೋದೆ.

"ಒಡಿಯೋ ಸಾಮಾನಿಗೆ ಸ್ಟಾಕ್ ನಂಬರ್ ಕೊಡಂಗಿಲ್ರೀ ಸಿಸ್ಟರ್. ನಂಬರ್ ಇಲ್ದಿದ್ದು ಖರೀದಿ ಮಾಡಂಗಿಲ್ಲ. ಪ್ಲಾಸ್ಟಿಕ್ ಡ್ರಮ್ ಒಯ್ರಿ," ಅಂದ ಸ್ಟೋರ್‌ಕೀಪರ್.

"ಹೋದ ವರ್ಷದ ಡ್ರಮ್ ಬಿಸಿಲಿಗೆ ಸೀಳಿ ಹಿತ್ತಲದಾಗ ಬಿದ್ದಾವ್ರೀ!"

"ಸೀಳಿದ್ರೂ ಒಗೀಬ್ಯಾಡ್ರಿ, ನಂಬರ್ ಅದಾವ."

ಮೈಯೆಲ್ಲ ಉರಿಯಿತು. "ಜ್ವರ ಬಂದ ಕೂಸಿಗೆ ನಂಬರ್ ಕುಡಿಸಲೇನ್ರೀ?" ಎಂದು ಚೀರಿದೆ.

ಅವನು ತಣ್ಣಗೆ ಎದ್ದು, ಮೂಲೆಯಲ್ಲಿ ಹಸಿ ಗೋಣಿ ಸುತ್ತಿದ್ದ ಹರವಿಯಿಂದ ಲೋಟಕ್ಕೆ ನೀರು ತುಂಬಿಕೊಂಡು ಗಟಗಟ ಕುಡಿದ.

"ಮತ್ತ ಇದು?"

"ಇದು ನಮ್ಮ ಮನೀದ್ರೀ, ಸರ್ಕಾರದ್ದಲ್ಲ."

ಆ ಹರವಿ ಒಡೆದು ಎಂದೋ ಮಣ್ಣಾಗಿರಬೇಕು. ನಾನೂ ರಿಟೈರ್ ಆದೆ. ಹಿತ್ತಲಿನ ಸೀಳು ಡ್ರಮ್ಮುಗಳು ಮಾತ್ರ ಇನ್ನೂ ಸರ್ಕಾರಿ ನೌಕರಿಯಲ್ಲೇ ಇವೆ.