ಪಟ್ಟಾಳದಣ್ಣ ಕುಡಿದ ಲೋಟ

ಅವರ ಎಡಗಾಲಿನ ಎರಡು ಬೆರಳುಗಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಗೆ ಸುಕ್ಕುಗಟ್ಟಿದ ಚರ್ಮವಿತ್ತು. ಹಿಮವನ್ನೇ ಕಾಣದ ನಮ್ಮೂರಿನ ಮಕ್ಕಳು ಅದನ್ನು ಮುಟ್ಟಿ ನೋಡಲು ಸಾಲುಗಟ್ಟುತ್ತಿದ್ದರು. “ಪನಿ ತಿಂದುಬುಡ್ತು. ಮಿಕ್ಕಿದ್ದು ರುಚಿಯಿಲ್ಲ ಅಂತ ಬುಟ್ಟದೆ,” ಎಂದು ಅವರು ಕಾಲು ಚಾಚುತ್ತಿದ್ದರು. ನಮ್ಮ ಮನೆಮಾತಿನಲ್ಲಿ ಮಂಜಿಗೂ ಹಿಮಕ್ಕೂ ತಮಿಳಿನ ‘ಪನಿ’ಯೇ ಹೆಸರು.

ತಮಿಳುನಾಡಿನ ತೇವಾರಂ ದಾಟಿ ಬೆಟ್ಟದ ಬುಡಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ಎಷ್ಟೋ ತಲೆಮಾರುಗಳ ಹಿಂದೆ ಬಂದು ನೆಲೆಸಿ, ಕನ್ನಡವನ್ನು ಮನೆಯೊಳಗೆ ಉಳಿಸಿಕೊಂಡ ಒಕ್ಕಲು ಕುಟುಂಬಗಳು ನಮ್ಮವು. ಪಟ್ಟಾಳವೆಂದರೆ ಸೈನ್ಯ, ಪಕ್ಕದ ಮನೆಯ ಅವರು ನಮಗೆಲ್ಲ ಪಟ್ಟಾಳದಣ್ಣ. ರಜೆಯಲ್ಲಿ ಬಂದಾಗ ಬೆಳಕು ಹರಿಯುವ ಮೊದಲೇ ಎದ್ದು ತಾಯಿಯ ಅಂಗಳ ಗುಡಿಸುತ್ತಿದ್ದರು. ಗಂಡಸು ಪೊರಕೆ ಹಿಡಿದನೆಂದು ಬೀದಿಯವರು ನಕ್ಕರೆ ತಾವೂ ನಕ್ಕು, ನಮ್ಮ ಅಂಗಳವನ್ನೂ ಗುಡಿಸಿಬಿಡುತ್ತಿದ್ದರು. ಉಪದೇಶ ಮಾಡಿದ್ದನ್ನು ನಾನು ಕೇಳಿಲ್ಲ.

ಬಸ್ಸು ನಿಲ್ಲುವಲ್ಲಿ ಒಂದು ಟೀ ಅಂಗಡಿಯಿತ್ತು. ಒಳಗಿನ ಬೆಂಚಿನ ಮೇಲೆ ಕೂರುವವರಿಗೆ ಗಾಜಿನ ಲೋಟ. ಹೊರಗಿನ ಕಂಬದ ಮೊಳೆಗಳಿಗೆ ತೂಗುಹಾಕಿದ್ದ ನಗ್ಗಿದ ಅಲ್ಯೂಮಿನಿಯಂ ಲೋಟಗಳು ಕಾಲನಿಯಿಂದ, ಎಂದರೆ ಊರಾಚೆಯ ಕೇರಿಯಿಂದ, ಬರುವ ದಲಿತರಿಗೆ. ಅವರು ನಿಂತೇ ಕುಡಿದು, ತಾವೇ ತೊಳೆದು, ಮತ್ತೆ ಮೊಳೆಗೆ ಸಿಕ್ಕಿಸಬೇಕು. ನಮ್ಮವರು ಇದನ್ನು ವಾಡಿಕೆ ಎನ್ನುತ್ತಿದ್ದರು. ಇದರ ಹೆಸರು ಅಸ್ಪೃಶ್ಯತೆ, ಇದು ಅಪರಾಧ. ದಿಂಡಿಗಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದ ನಾನು ವಿದ್ಯಾರ್ಥಿ ಸಂಘದ ಕರಪತ್ರಗಳಲ್ಲಿ ಈ ಮಾತನ್ನು ಎಷ್ಟೋ ಬಾರಿ ಬರೆದಿದ್ದೆ. ನಮ್ಮೂರಿನ ಆ ಅಂಗಡಿಯ ಮುಂದೆ ಒಮ್ಮೆಯೂ ಆಡಿರಲಿಲ್ಲ.

ಒಂದು ಬೆಳಗ್ಗೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಪಟ್ಟಾಳದಣ್ಣ ಬಂದು, ಕಂಬದಿಂದ ಒಂದು ಅಲ್ಯೂಮಿನಿಯಂ ಲೋಟ ತೆಗೆದು ಅಂಗಡಿಯವರ ಮುಂದೆ ಚಾಚಿದರು. ಅಂಗಡಿಯವರು ವರಸೆಯಲ್ಲಿ ಅವರಿಗೆ ಸೋದರಮಾವ, ಅಳಿಯನನ್ನು ‘ಮಾಪ್ಳೆ’ ಎನ್ನುತ್ತಿದ್ದರು.

“ಏನ್ ಮಾಪ್ಳೆ, ಅದು ನಿಂದಲ್ಲ. ಒಳಗ್ ಬಾ.”

“ಲೋಟ ತಾನೆ ಮಾಮಾ. ಟೀ ಊಯಿ.”

“ಪಟ್ಟಾಳದ ಪನಿ ತಲೆಗೂ ಏರದೆ ನೋಡ್ರಪ್ಪಾ,” ಎಂದು ಮಾವ ಬೆಂಚಿನವರತ್ತ ತಿರುಗಿದರು. ಎಲ್ಲರೂ ನಕ್ಕರು.

“ಬೆಟ್ಟದ ಮ್ಯಾಲೆ ಏಳು ಜನಕ್ಕೆ ಒಂದೇ ಮಗ್ಗು ಮಾಮಾ. ಯಾರ ಬಾಯಿ ಮೊದಲು ಅಂತ ಯಾರೂ ಕೇಳಲಿಲ್ಲ. ಊಯಿ, ಆರೋಯ್ತದೆ.”

ನಿಂತೇ ಕುಡಿದರು, ತೊಳೆದು ಮೊಳೆಗೆ ಸಿಕ್ಕಿಸಿದರು. ರಜೆ ಮುಗಿಯುವವರೆಗೂ ದಿನವೂ ಹಾಗೆಯೇ. ನೀವು ಗಟ್ಟಿಯಾಗಿ ಹೇಳಿ ಇದನ್ನು ನಿಲ್ಲಿಸಬಾರದೇ ಎಂದು ನಾನು ಕೇಳಿದೆ. “ಹೇಳಕ್ಕೆ ನೀ ಓದಿದೀಯಲ್ಲ ತಂಗಚ್ಚಿ. ನನಗೆ ಕುಡಿಯಾಕೆ ಬತ್ತದೆ,” ಎಂದರು. ಊರು ಅದನ್ನು ಸೈನಿಕನ ಹುಚ್ಚಾಟವೆಂದು ಸಹಿಸಿಕೊಂಡಿತು. ಆತ್ಮಸಾಕ್ಷಿಗೆ ನಮ್ಮೂರು ಕೊಟ್ಟ ಹೆಸರು ಅದು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿ ಯುದ್ಧವಾಯಿತು. ಪಟ್ಟಾಳದಣ್ಣ ಧ್ವಜ ಹೊದಿಸಿದ ಪೆಟ್ಟಿಗೆಯಲ್ಲಿ ಬಂದರು. ಸಂತಾಪ ಸಭೆಯ ವೇದಿಕೆಯ ಮೇಲೆ ಗಣ್ಯರಿಗೆ ಒಂಬತ್ತು ಕುರ್ಚಿಗಳಿದ್ದವು. ಹೆತ್ತವಳು ಕೆಳಗೆ ಜಮಖಾನದ ಮೇಲೆ ಕುಳಿತಿದ್ದಳು. ಪಟ್ಟಾಳದಣ್ಣ ಎಂದೂ ಬಳಸದ ಜಾತಿಯ ಹೆಸರನ್ನು ನಮ್ಮವರೇ ಅವರ ಹೆಸರಿಗೆ ಅಂಟಿಸಿ ಬ್ಯಾನರು ಬರೆಸಿದ್ದರು. ಟೀ ಅಂಗಡಿಯ ಮಾವ ಸಮವಸ್ತ್ರದ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಟೀ ಪಾತ್ರೆಯ ಹಿಂದಿನ ಗೋಡೆಗೆ ಹಾಕಿ, ನಿಲಕ್ಕೋಟ್ಟೈ ಮಲ್ಲಿಗೆಯನ್ನು ದಿನವೂ ಮುಡಿಸುತ್ತಿದ್ದರು. ಅವರ ಕಣ್ಣೀರು ಸುಳ್ಳಲ್ಲವೆಂದು ನಾನು ಬಲ್ಲೆ. ಅಲ್ಯೂಮಿನಿಯಂ ಲೋಟಗಳು ಮಾತ್ರ ಕಂಬದಲ್ಲಿಯೇ ಇದ್ದವು.

ಮಾರ್ಗಳಿಯ, ಎಂದರೆ ಧನುರ್ಮಾಸದ, ಒಂದು ಬೆಳಗ್ಗೆ, ಬಲಗಾಲಿಲ್ಲದ ಯುವಕರೊಬ್ಬರು ಊರುಗೋಲಿನ ಮೇಲೆ ಬಸ್ಸಿಳಿದರು. ಗೋಡೆಯ ಫೋಟೋ ಕಂಡೊಡನೆ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು. ಅದೇ ತುಕಡಿಯವರೆಂದು ತಿಳಿದದ್ದೇ ತಡ, ಮಾವ ಓಡಿ ಬಂದು ಕೈಹಿಡಿದು ಒಳಗೆ ಕೂರಿಸಿ, ಗಾಜಿನ ಲೋಟದಲ್ಲಿ ಟೀ ಕೊಟ್ಟರು. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಬಾಗಿಲ ಬಳಿ ನಿಂತು ಕೇಳಿದೆ.

ಅವರು ತಮಿಳಿನಲ್ಲಿ ಹೇಳಿದ್ದು ಇಷ್ಟು. ಕಡಿದಾದ ಇಳಿಜಾರಿನಲ್ಲಿ ಇವರು ತೊಡೆಗೆ ಗುಂಡು ತಾಗಿ ಬಿದ್ದಿದ್ದರು. ಮೇಲಿನಿಂದ ಗುಂಡು ಸುರಿಯುತ್ತಿತ್ತು. ಪಟ್ಟಾಳದಣ್ಣ ತೆವಳಿಕೊಂಡು ಬಂದು ಬೆನ್ನಿಗೆ ಹಾಕಿಕೊಂಡರು. ನನ್ನನ್ನು ಬಿಟ್ಟು ಹೋಗಿ ಅಣ್ಣಾ ಎಂದರೆ, “ಸುಮ್ಮನಿರಪ್ಪಾ, ನಮ್ಮೂರ ಈರುಳ್ಳಿ ಮೂಟೆ ನಿನಗಿಂತ ಭಾರ,” ಎಂದರಂತೆ. ಬಂಡೆಯ ಮರೆಗೆ ಇಳಿಸಿ, ಮತ್ತೊಬ್ಬನನ್ನು ತರಲು ಹೋದರು. ಅವನನ್ನೂ ತಂದರು. ಮೂರನೆಯವನಿಗಾಗಿ ಹೋದವರು ಬರಲಿಲ್ಲ.

ಅಂಗಡಿಯಲ್ಲಿದ್ದ ಎಲ್ಲರೂ ಅತ್ತರು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮೂಗೊರೆಸಿಕೊಂಡು, ನಮ್ಮ ಸೀಮೆಯಲ್ಲಿ ಹೊಸಬರನ್ನು ಕೇಳುವ ಹಾಗೆ, ಯಾವ ಊರು, ಯಾವ ಬೀದಿ ಎಂದು ಕೇಳಿದರು. ಆ ಯುವಕರು ಮರೆಮಾಚಲಿಲ್ಲ. ಊರಿನ ಹೆಸರು ಹೇಳಿ, “ಕಾಲನಿ,” ಎಂದರು.

ಬೆಂಚಿನಲ್ಲಿ ಅವರ ಪಕ್ಕ ಕುಳಿತಿದ್ದವರು ಸ್ವಲ್ಪ ಸರಿದರು. ಮಾವ ಎಲ್ಲರಿಗೂ ಎರಡನೆಯ ಟೀ ತಂದರು. ಆ ಯುವಕರದ್ದು ಅಲ್ಯೂಮಿನಿಯಂ ಲೋಟದಲ್ಲಿ ಬಂತು.

ಅವರು ಆ ಲೋಟವನ್ನು ನೋಡಿದರು, ಫೋಟೋವನ್ನು ನೋಡಿದರು. “ನಮ್ಮೂರ ಟೀ ಈ ಲೋಟದಲ್ಲೇ ರುಚಿ ಅಂತ ಅಣ್ಣ ಹೇಳುತ್ತಿದ್ದರು,” ಎಂದು ಎದ್ದು, ಊರುಗೋಲು ಊರಿ ಹೊರಗೆ ಬಂದು, ನಿಂತೇ ಕುಡಿದರು.

ಕರಪತ್ರದ ವಾಕ್ಯಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಬಸ್ಸು ಬಂತು. ನಾನು ಹತ್ತಿದೆ. ಈ ಬರಹದಲ್ಲಿ ಹೇಳಬೇಕಾದ ತಪ್ಪುಗಳಲ್ಲಿ ಅದೂ ಒಂದು.

ಶನಿವಾರ ಊರಿಗೆ ಬಂದು ಪಟ್ಟಾಳದಣ್ಣನ ತಾಯಿಗೆ, ನಾವು ದೊಡ್ಡವ್ವ ಎನ್ನುತ್ತಿದ್ದವಳಿಗೆ, ಎಲ್ಲವನ್ನೂ ಹೇಳಿದೆ. ಆ ಯುವಕರು ಅವಳ ಮನೆಗೂ ಹೋಗಿ ಕಾಲಿಗೆರಗಿದ್ದರು, ಲೋಟದ ಮಾತೆತ್ತಿರಲಿಲ್ಲ. ದೊಡ್ಡವ್ವ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. “ನೀ ಅಲ್ಲೇ ಇದ್ದಾ?” ಎಂದಳು. ಇದ್ದೆ ಎಂದೆ.

ಮರುದಿನ ಬೆಳಗ್ಗೆ, ಹೆಂಗಸರು ಕಾಲಿಡದ ಆ ಅಂಗಡಿಯೊಳಕ್ಕೆ ಹೋಗಿ ನಿಂತಳು. ನಾನೂ ಹಿಂದೆ ಹೋದೆ.

“ನನ್ ಮಗನ್ನ ಕೊಟ್ಬುಡು.”

“ಅಕ್ಕಾ, ಅದು ಊರ ಮರ್ಯಾದೆ. ದಿನಾ ಹೂವು ಹಾಕ್ತೀನಿ.”

“ಅವನು ಹೊತ್ಕಂಡ್ ಬಂದವನ್ನ ನೀ ಹೊರಗ್ ನಿಲ್ಸಿದೆ. ಕೊಡು.”

ಮಾವ ಫೋಟೋ ಇಳಿಸಿದರು. ಅವಳು ಮಲ್ಲಿಗೆಯನ್ನು ಬಿಡಿಸಿ ಬೆಂಚಿನ ಮೇಲಿಟ್ಟು, ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು. ತೀರಿಕೊಳ್ಳುವವರೆಗೂ ಆ ಅಂಗಡಿಯ ಮುಂದೆ ಹಾಯಲಿಲ್ಲ.

ಈಗ ಅಲ್ಲಿ ಕಾಗದದ ಕಪ್ಪುಗಳು ಬಂದಿವೆ. ಎಲ್ಲರಿಗೂ ಒಂದೇ, ಜಾತಿ ಹೋಯಿತು ಎನ್ನುತ್ತಾರೆ ನಮ್ಮವರು. ಕಾಲನಿಯವರು ಇಂದಿಗೂ ಕಂಬದ ಪಕ್ಕ ನಿಂತೇ ಕುಡಿಯುತ್ತಾರೆ. ಊರಿಗೆ ಹೋದಾಗಲೆಲ್ಲ ನಾನೂ ಅಲ್ಲಿಯೇ ನಿಂತು ಕುಡಿಯುತ್ತೇನೆ. ಒಳಗೆ ಬಾರವ್ವ ಎಂದು ಕರೆದವರಿಗೆ, ಯಾಕೆ ಬರುವುದಿಲ್ಲವೆಂದು ಗಟ್ಟಿಯಾಗಿ ಹೇಳುತ್ತೇನೆ. ಮಾತು ಮುಗಿಯುವ ಮೊದಲು ಬಸ್ಸು ಬಂದರೆ, ಆ ಬಸ್ಸನ್ನು ಬಿಟ್ಟುಬಿಡುತ್ತೇನೆ.