ಒಂಬತ್ತು ಸಮಾಜ ವಿಜ್ಞಾನ

ಆಗ ನಮ್ಮ ಹೊಸಪೇಟೆಯ ಸಂಡೂರು ರಸ್ತೆಯ ಮನೆಗಳಿಗೆ ಎರಡೇ ಬಣ್ಣ: ಕೆಂಪು, ಮತ್ತು ಬೆಳಿಗ್ಗೆಯಷ್ಟೇ ಒರೆಸಿದ ಕೆಂಪು. ಅದಿರಿನ ಲಾರಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಹೋಗುತ್ತಿದ್ದವು. ಒಣಹಾಕಿದ ಹಪ್ಪಳ, ಬೇವಿನ ಎಲೆ, ಮೊಸರಿನ ಕೆನೆ, ಅಜ್ಜಿಯ ಬಿಳಿ ಸೆರಗು, ಎಲ್ಲದರ ಮೇಲೂ ಗುಡ್ಡ ಬಂದು ಕೂತಿರುತ್ತಿತ್ತು. ಸೀನಿದರೆ ಅದೂ ಕೆಂಪು. ನೀವೂ ಆ ಕಡೆಯವರಾದರೆ ನಿಮ್ಮ ಕರವಸ್ತ್ರವನ್ನೊಮ್ಮೆ ನೆನೆಸಿಕೊಳ್ಳಿ, ನಾನು ಹೆಚ್ಚು ಹೇಳುವುದಿಲ್ಲ.

ಆ ಕೆಂಪು ರಾಜ್ಯದಲ್ಲಿ ಹತ್ತು ವರ್ಷದ ನನಗೆ ಒಂಬತ್ತು ಪುಸ್ತಕಗಳ ಸ್ವಯಾರ್ಜಿತ ಆಸ್ತಿ ಇತ್ತು. ಎಲ್ಲವೂ ಚಿತ್ರಕಥೆಗಳು. ಅವ್ವನ ತಮ್ಮ ಬಸುಮಾವ ಕಡ್ಡಿರಾಂಪುರದಲ್ಲಿ ರಸ್ತೆ ಪಕ್ಕ ಹೋಟೆಲು ಇಟ್ಟಿದ್ದ. ಮಿರ್ಚಿ ಕಟ್ಟಿಕೊಡಲು ತರಿಸುತ್ತಿದ್ದ ರದ್ದಿಯಿಂದ ನನಗಾಗಿ ಅವನ್ನು ಹೆಕ್ಕಿ ತೆಗೆದಿಡುತ್ತಿದ್ದ. ಹೆಕ್ಕುವ ಹೊತ್ತಿಗೆ ಕೊನೆಯ ಪುಟಗಳು ಮಿರ್ಚಿಯ ಸಂಗಡ ಗಿರಾಕಿಗಳ ಮನೆ ಸೇರಿರುತ್ತಿದ್ದವು. ಮಾವ ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಬೆನ್ನುಹಾಳೆಯ ಒಳಮೈಯಲ್ಲಿ ತಾನೇ ಮುಕ್ತಾಯ ಬರೆದುಕೊಡುತ್ತಿದ್ದ. ಅವನ ಮುಕ್ತಾಯಗಳಲ್ಲಿ ರಾಜಕುಮಾರರು ಯುದ್ಧ ಗೆದ್ದ ಕೂಡಲೇ ಕೈತೊಳೆದು ಮಂಡಕ್ಕಿಯ ಉಗ್ಗಾಣಿ ತಿನ್ನುತ್ತಿದ್ದರು.

ಒಂದಕ್ಕೆ ಮಾತ್ರ ಮುಕ್ತಾಯ ಬಾಕಿ ಇತ್ತು. ಬಾವಿಯಿಂದ ಏಳುವ ಕೆಂಪು ರಾಕ್ಷಸನ ಕಥೆ ಅದು. "ಇದಕ್ಕ ಸ್ವಲ್ಪ ವಿಚಾರ ಮಾಡ್ಬೇಕವ್ವ ಪಾರಿ. ಹಬ್ಬ ಮುಗದ ಮ್ಯಾಲೆ ಬಾ, ಬರೀತೀನಿ" ಅಂದಿದ್ದ ಮಾವ. ಹಾಗಾಗಿ ರಾಕ್ಷಸ ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟುಕೊಂಡು ಹಾಗೇ ನಿಂತಿದ್ದ. ಆ ಪುಸ್ತಕವನ್ನು ನಾನು ಯಾವಾಗಲೂ ಎಲ್ಲದರ ಅಡಿಗೆ ಇಡುತ್ತಿದ್ದೆ, ಮೇಲಿನ ಎಂಟು ಅವನನ್ನು ಒತ್ತಿ ಹಿಡಿದಿರಲಿ ಅಂತ.

ಆ ವರ್ಷ ಅಪ್ಪ ಟಿಪ್ಪರ್ ಕೊಂಡ. ಸೈಕಲ್ಲಿನ ಮೇಲೆ ಓಡಾಡುತ್ತಿದ್ದ ಮನುಷ್ಯ ಏಕಾಏಕಿ ಮಾಲೀಕನಾದ. ಮಾಲೀಕನ ಮಗಳು ಸಮಾಜ ವಿಜ್ಞಾನದಲ್ಲಿ ಫೇಲಾಗುವುದು ಮಾಲೀಕತ್ವಕ್ಕೆ ಶೋಭಿಸುವಂಥದ್ದಲ್ಲ. ಆಯುಧಪೂಜೆಯ ಹಿಂದಿನ ದಿನ ಮನೆಯೆಲ್ಲ ತೊಳೆಯುವಾಗ ಅವನು ನನ್ನ ಟ್ರಂಕು ತೆರೆದ.

"ಏನಿವು?"

"ಪುಸ್ತಕ."

"ಪುಸ್ತಕ ಅಂದ್ರ ಓದೋವು. ಇವು ಗೊಂಬಿ. ನಾಡಿದ್ದು ಬನ್ನಿ ಹಬ್ಬದ ನೀರು ಇವುಗಳಿಂದನ ಕಾಯ್ಲಿ."

ಒಂಬತ್ತನ್ನೂ ಎತ್ತಿ ಬಚ್ಚಲ ಒಲೆಯ ಪಕ್ಕ, ಸೌದೆಯ ಮೇಲೆ ಇಟ್ಟ. ಶಿಕ್ಷೆ ಘೋಷಣೆಯಾಯಿತು, ಜಾರಿಗೆ ಎರಡು ದಿನ. ಅಪ್ಪನ ಮುಂದೆ ಅಳುವ ಧೈರ್ಯವೂ ನನಗಿರಲಿಲ್ಲ. ಅವನ ಚಪ್ಪಲಿಯ ಸಪ್ಪಳಕ್ಕೇ ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ.

ಆಗ ನೆನಪಾದದ್ದು ಅಜ್ಜಿಯ ಕಾನೂನು. ಪೂಜೆಯಾದ ಕಾಗದವನ್ನು ಅಜ್ಜಿ ಬೆಂಕಿಗೆ ಹಾಕಗೊಡುತ್ತಿರಲಿಲ್ಲ. ಹಳೆಯ ಪಂಚಾಂಗವನ್ನು ಸಹ ಕಾಲುವೆಯತನಕ ನಡೆದು ಹೋಗಿ ನೀರಿಗೆ ಬಿಟ್ಟು ಬರುತ್ತಿದ್ದಳು. ಮರುದಿನ ನನ್ನ ಶಾಲೆಯ ಪುಸ್ತಕಗಳೆಲ್ಲ ಜಗಲಿಯ ಮೇಲೆ ಪೂಜೆಗೆ ಕೂರುವುದಿತ್ತು. ಅವುಗಳ ನಡುವೆ ಇವೂ ಕೂತರೆ?

ಸೌದೆಯ ಮೇಲಿಂದ ಒಂಬತ್ತನ್ನೂ ಕದ್ದು, ಕಂದು ಹಾಳೆಯ ಬೈಂಡು ಹಾಕಿದೆ. ಲೇಬಲ್ ಅಂಟಿಸಿದೆ. ವಿಷಯ ಬರೆಯುವಾಗ ಹೆದರಿಕೆಯಲ್ಲಿ ಬೇರೆ ವಿಷಯಗಳ ಹೆಸರೇ ಹೊಳೆಯಲಿಲ್ಲ. ಒಂಬತ್ತರ ಮೇಲೂ ಒಂದನ್ನೇ ಬರೆದೆ.

ಮರುದಿನ ಪೂಜೆಗೆ ಬಂದ ಅಯ್ಯನೋರು ನಿಧಾನಸ್ಥರು. ಒಂದೊಂದು ಪುಸ್ತಕಕ್ಕೂ ವಿಭೂತಿ, ಕುಂಕುಮ ಹಚ್ಚುತ್ತಾ, ಕನ್ನಡಕ ಏರಿಸಿ ಹೆಸರು ಬೇರೆ ಓದುತ್ತಾ ಹೋದರು.

"ಗಣಿತ. ಕನ್ನಡ. ಸಮಾಜ ವಿಜ್ಞಾನ. ಸಮಾಜ ವಿಜ್ಞಾನ. ಇದೂ ಸಮಾಜ..." ಕೈ ನಿಂತಿತು. "ಏನವ್ವಾ, ಸಮಾಜಕ್ಕ ಇಷ್ಟು ಪುಸ್ತಕ ಅದಾವು?"

"ಸಮಾಜ ಭಾಳ ದೊಡ್ಡದೈತ್ರಿ ಅಯ್ಯನೋರ" ಅಂದೆ.

"ಖರೇ ಮಾತು" ಅಂದು ಅವರು ಗಂಭೀರವಾಗಿ ತಲೆದೂಗಿ, ಮುಂದಿನ ಸಮಾಜಕ್ಕೆ ಕುಂಕುಮ ಹಚ್ಚಿದರು.

ಅಪ್ಪ ತಲೆದೂಗಲಿಲ್ಲ. ಬಗ್ಗಿ ಕೈ ಚಾಚಿದ.

"ಮುಟ್ಟಬ್ಯಾಡಲೇ ಈರಣ್ಣ!" ಅಜ್ಜಿ ಹೌಹಾರಿದಳು. "ಹಚ್ಚಿದ ಮ್ಯಾಲೆ ಮುಗೀತು. ನಾಳೆ ಕದಲಿಸೋತನಕ ಅದರಾಗ ದೇವರು ಕುಂತಿರ್ತಾನ."

ಪೂಜೆಗೆ ಕೂರಿಸಿದ್ದನ್ನು ಮರುದಿನ ಚೂರು ಅಲುಗಿಸಿ, ಬಂದ ದೇವರನ್ನು ಕಳಿಸಿಕೊಡುವುದಕ್ಕೆ ಕದಲಿಸುವುದು ಅನ್ನುತ್ತಾರೆ. ಅಪ್ಪ ಕೈ ಹಿಂದಕ್ಕೆಳೆದು ನನ್ನನ್ನೇ ದಿಟ್ಟಿಸಿದ. "ಆತು. ನಾಳೆ ಕದಲಿಸಿದ ಮ್ಯಾಲೆ ಮಾತಾಡೋಣ."

ಅಯ್ಯನೋರು ಅದೇ ತಟ್ಟೆ ಹಿಡಿದು ಹೊರಗೆ ಹೋಗಿ ಟಿಪ್ಪರಿನ ಮುಖಕ್ಕೂ ಕುಂಕುಮ ಹಚ್ಚಿದರು. ಗಾಲಿಯಡಿ ನಿಂಬೆಹಣ್ಣು ಚಟ್ ಅಂದವು. ಅಪ್ಪ ಡ್ರೈವರನ ಪಕ್ಕ ಹತ್ತಿ ಕೂತು ಶಾಸ್ತ್ರಕ್ಕೊಂದು ಟ್ರಿಪ್ ಹೊರಟ.

ಆ ಮಧ್ಯಾಹ್ನ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟೆದ್ದೆ. ನಾಳೆಯ ಒಲೆಯ ಚಿಂತೆಗೆ ಈಗ ಇನ್ನೊಂದು ಚಿಂತೆ ಜೊತೆಯಾಗಿತ್ತು. ಕುಂಕುಮ ಬಿದ್ದದ್ದರಲ್ಲಿ ದೇವರು ಬಂದು ಕೂರುವುದಾದರೆ, ರಾಕ್ಷಸನ ಪುಸ್ತಕದಲ್ಲಿ ಬಂದು ಕೂತವರು ಯಾರು? ನಾನಾಗಿ ನಾನೇ ಅವನನ್ನು ಜಗಲಿ ಹತ್ತಿಸಿ, ಮಂತ್ರ ಹೇಳಿಸಿ ಕರೆದಿದ್ದೆ. ಹೊರಗೆ ಲಾರಿ ಹೋದಾಗಲೆಲ್ಲ ಜಗಲಿ ಅದುರುತ್ತಿತ್ತು. ದೀಪ ಬಾಗುತ್ತಿತ್ತು. ಕಂದು ಹಾಳೆ ಚರ್ ಚರ್ ಅನ್ನುತ್ತಿತ್ತು. ಅವನು ಇನ್ನೊಂದು ಕಾಲು ಎತ್ತುತ್ತಿದ್ದಾನೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲ ಮೇಲೆ ಅವನು ನಿಂತಿದ್ದ. ಕೂದಲಿಂದ ಕಾಲಿನತನಕ ಕೆಂಪು, ಎರಡು ಕಣ್ಣು ಮಾತ್ರ ಬಿಳಿ. ನಾನು ಚೀರಿದ್ದಕ್ಕೆ ಅಜ್ಜಿಯ ಕೈಯ ಚೊಂಬು ಬಿತ್ತು.

"ನಾನವ್ವ. ಹೆದರಬ್ಯಾಡ, ನಾನು" ಅಂದಿತು ರಾಕ್ಷಸ, ಅಪ್ಪನ ದನಿಯಲ್ಲಿ.

ಅಪ್ಪ ಕೈಕಾಲು ತೊಳೆಯದೆ ಕಂಬಕ್ಕೆ ಒರಗಿ ಕುಸಿದು ಕೂತ. "ಇಳುಕಲಿನಾಗ ಒಂದು ಗಾಡಿ ಮಗುಚಿ ಬಿದ್ದಿತ್ತವ್ವ" ಎಂದ ಅಜ್ಜಿಗೆ. "ನಮ್ಮಂಗ ಹೊಸಾದು. ಕಟ್ಟಿದ ಹೂವು ಬಾಡಿದ್ದಿಲ್ಲ ಇನ್ನಾ." ಆ ರಾತ್ರಿ ಉಣ್ಣಲಿಲ್ಲ.

ಬೆಳಿಗ್ಗೆ ಅಜ್ಜಿ ಕದಲಿಸಿದಳು. ಅಪ್ಪ ಒಂಬತ್ತು ಸಮಾಜಗಳನ್ನು ಆರಿಸಿಕೊಂಡು ಬಚ್ಚಲಿಗೆ ನಡೆದ. ನಾನು ಗೋಡೆ ಹಿಡಿದು ಹಿಂದೆ ಹೋದೆ. ಒಲೆ ಉರಿಯುತ್ತಿತ್ತು. ಅಪ್ಪ ಕುಕ್ಕರಗಾಲಲ್ಲಿ ಕೂತು ಮೇಲಿನದರ ಬೈಂಡು ಹರಿದ. ಅಡಿಗಿರಬೇಕಾದವನೇ ಮೇಲೆ ಬಂದಿದ್ದ. ತೆಳ್ಳನೆಯ ಹಾಳೆಯಲ್ಲಿ ಕುಂಕುಮ ಒಳಕ್ಕಿಳಿದು ಸರಿಯಾಗಿ ರಾಕ್ಷಸನ ಹಣೆಗೆ ಹತ್ತಿತ್ತು.

"ಸುಡೂದಾದ್ರ ಸುಡಪ್ಪ" ಅಂದಳು ಬಾಗಿಲಲ್ಲಿ ನಿಂತ ಅಜ್ಜಿ, ಎತ್ತರದ ದನಿಯೇನಲ್ಲ. "ನಿನ್ನ ಗಾಡಿಗೆ ಹಚ್ಚಿದ್ದೂ ಅದ ತಟ್ಟಿ ಕುಂಕುಮ. ನೆನಪಿರ್ಲಿ ಅಂತ ಹೇಳಿದೆ."

ಅಪ್ಪ ಪುಸ್ತಕವನ್ನು ಸರಕ್ಕನೆ ಒಲೆಯಿಂದ ದೂರ ಹಿಡಿದ. ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ಆ ಮನೆಯಲ್ಲಿ ಹೆದರುವ ಇಲಾಖೆ ಪೂರ್ತಿ ನನ್ನದೇ ಅಂದುಕೊಂಡಿದ್ದೆ. ಅಪ್ಪ ಹೆದರುವುದನ್ನು ಕಂಡಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅದುವರೆಗಿನ ಎಲ್ಲ ಹೆದರಿಕೆಗಿಂತ ಅದೇ ದೊಡ್ಡದಾಗಿತ್ತು. ಇನ್ನು ನಮ್ಮನ್ನು ಕಾಯುವವರು ಯಾರು?

ಕಡೆಗೆ ಅವನು ಒಂಬತ್ತನ್ನೂ ನನ್ನ ತೋಳಿಗೆ ತುಂಬಿದ. "ಖರೇ ಸಮಾಜನೂ ಒಂದೀಟು ಓದು" ಅಂದ. ಒಲೆಗೆ ಸೌದೆ ಹಾಕಿದ.

ಗಣಿ ನಿಂತಿತು. ಟಿಪ್ಪರ್ ಮನೆಯ ಮುಂದೆ ವರ್ಷಗಟ್ಟಲೆ ನಿಂತು, ಒಂದು ದಿನ ಗುಜರಿಗೆ ಹೋಯಿತು. ಅಜ್ಜಿ ಇಲ್ಲ. ಅಪ್ಪನೂ ಇಲ್ಲ. ನಮ್ಮ ಮನೆಯ ಮೊಸರು ಈಗ ಬಿಳಿ.

ಮೊನ್ನೆ ಹಬ್ಬಕ್ಕೆ ಮನೆ ತೊಳೆಯುವಾಗ ಒಂಬತ್ತೂ ಸಿಕ್ಕವು. ಮಾವನ ಪೆನ್ಸಿಲ್ ಅಕ್ಷರಗಳು ಮಾಸಿ ಹೋಗಿವೆ. ರಾಜಕುಮಾರರು ಉಗ್ಗಾಣಿ ತಿಂದದ್ದಕ್ಕೆ ನಾನೊಬ್ಬಳೇ ಸಾಕ್ಷಿ. ರಾಕ್ಷಸನಿಗೆ ಮುಕ್ತಾಯ ಬರೆಯುವುದನ್ನು ಮಾವ ಮರೆತೇಬಿಟ್ಟ, ರಾಕ್ಷಸ ಇನ್ನೂ ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟೇ ನಿಂತಿದ್ದಾನೆ. ಅವನ ಹಣೆಯ ಕೆಂಪು ಕುಂಕುಮವೋ ಸಂಡೂರಿನ ಮಣ್ಣೋ ಹೇಳಲಾಗುವುದಿಲ್ಲ. ನೋಡಿದರೆ ಹೆದರಿಕೆಯೂ ಆಗುವುದಿಲ್ಲ.

ಬಾಗಿಲಿಗೆ ಬಂದ ರದ್ದಿಯವನ ಕೈಗಿಟ್ಟೆ. ಅವನು ತಿರುವಿ ನೋಡಿ, "ಬ್ಯಾಡ್ರಿ ಅಕ್ಕಾರ, ತೂಕಕ್ಕೂ ಬರಂಗಿಲ್ಲ" ಎಂದು ವಾಪಸು ಕೊಟ್ಟ. ಸರಿಯಾದ ಮಾತು. ಆ ಪುಸ್ತಕಗಳನ್ನು ಸುಡಲೇಬೇಕು ಅನ್ನುವಷ್ಟು ಗಣನೆಗೆ ತೆಗೆದುಕೊಂಡಿದ್ದವನು ಲೋಕದಲ್ಲಿ ನನ್ನ ಅಪ್ಪ ಒಬ್ಬನೇ.