ತಾಂಡೂರಿನಲ್ಲಿ ಕಂಡ ನಮ್ಮ ವ್ಯಾನು

ಜಹೀರಾಬಾದಿನಲ್ಲಿ ನಮ್ಮ ಮನೆಯನ್ನು ಯಾರೂ ಮನೆತನದ ಹೆಸರಿನಿಂದ ಕೇಳುತ್ತಿರಲಿಲ್ಲ. ‘ವ್ಯಾನಿನವರ ಮನೆ’ ಎಂದರೆ ಸಾಕು, ಯಾರಾದರೂ ಬೆರಳು ತೋರಿಸುತ್ತಿದ್ದರು. ನಮ್ಮ ಮಾವ ಬೀದರಿನ ಮುದಿ ಡಾಕ್ಟರೊಬ್ಬರಿಂದ ಕೊಂಡ ವಿಲಾಯತಿ ವ್ಯಾನು ಅದು. ಮುಂದೆ ದುಂಡು ಮೂತಿ, ಮೇಲೆ ಕೆನೆಬಣ್ಣ, ಕೆಳಗೆ ಹಸಿರು. ಎಪ್ಪತ್ತರ ದಶಕದ ಹೊತ್ತಿಗೇ ಅದು ಎಷ್ಟು ಹಳೆಯದಾಗಿತ್ತೆಂದರೆ, ಹೈದರಾಬಾದಿನ ಗಾಡಿ ಮೇಸ್ತ್ರಿಗಳೂ ಸುತ್ತ ತಿರುಗಿ ನೋಡುತ್ತಿದ್ದರು. ನನ್ನ ಗಂಡ ಅದರಲ್ಲಿ ನಾರಾಯಣಖೇಡದಿಂದ ತೊಗರಿ, ಹೆಸರು ತರುತ್ತಿದ್ದರು. ಅಂಥ ವ್ಯಾನು ಈ ಸೀಮೆಯಲ್ಲೇ ಇನ್ನೊಂದಿಲ್ಲ ಎಂದು ನಾನು ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದೆ. ಜಂಬವೇ, ಇಲ್ಲವೆನ್ನುವುದಿಲ್ಲ.

ಆ ಜಂಬವೇ ನನಗೆ ಮುಳುವಾಯಿತು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು, ಬಲು ಮೆತ್ತಗೆ ಕೇಳಿದಳು: “ಅಕ್ಕಾ, ನಿನ್ನೆ ನಿಮ್ಮ ಯಜಮಾನ್ರು ತಾಂಡೂರಿಗೆ ಹೋಗಿದ್ರೇನ್ರಿ? ನಮ್ಮ ತಮ್ಮ ನಿಮ್ಮ ವ್ಯಾನ್ ನೋಡ್ಯಾನಂತ. ಯಾರದೋ ಮನಿ ಮುಂದ ನಿಂತಿತ್ತಂತ.”

ಹಿಂದಿನ ದಿನ ಅವರು ನಾರಾಯಣಖೇಡಕ್ಕೆಂದು ರೊಟ್ಟಿ ಕಟ್ಟಿಸಿಕೊಂಡು ಹೋಗಿದ್ದರು. “ಹೌದವ್ವ, ಏನೋ ಕೆಲಸಿತ್ತು,” ಎಂದು ನಗುತ್ತಲೇ ಆಕೆಯನ್ನು ಕಳಿಸಿದೆ. ವಾರ ಕಳೆಯುವುದರೊಳಗೆ ಇನ್ನೊಬ್ಬರು ಬಂದು ಅದನ್ನೇ ಹೇಳಿದರು. ಬೇವಿನ ಗಿಡದ ಕೆಳಗೆ ವ್ಯಾನು, ಮನೆಯ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು.

“ನಾ ತಾಂಡೂರಿಗೆ ಹೋಗಿ ವರ್ಷ ಆತು,” ಎಂದರು ನನ್ನ ಗಂಡ, ನಾನು ಕೇಳಿದ್ದಕ್ಕೆ.

“ಹಂಗಾರ ವ್ಯಾನ್ ತಾನಾಗೇ ಹೋಗಿತ್ತೇನ್ರಿ?”

“ಅಂಥದು ಇನ್ನೊಂದು ಇರಬೇಕು.”

“ಇನ್ನೊಂದಿಲ್ಲ!” ಎಂದು ಕೂಗಿಬಿಟ್ಟೆ. ಗಂಡ ಕೆಟ್ಟವರೆಂದು ನಂಬಲು ತಯಾರಿದ್ದೆ, ವ್ಯಾನು ಎರಡಿವೆ ಎಂದು ನಂಬಲು ತಯಾರಿರಲಿಲ್ಲ.

ಹದಿನೈದು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ರೊಟ್ಟಿ ಬಡಿಯುವ ಸಪ್ಪಳವೊಂದೇ. ಕೊನೆಗೆ ಒಂದು ಬೆಳಿಗ್ಗೆ ಅವರು ವ್ಯಾನಿನ ಮುಂದಿನ ಬಾಗಿಲು ತೆರೆದು, “ಕುಂದ್ರು. ಆ ಮನಿ ಯಾವುದು, ಹೋಗಿ ನೋಡೇ ಬಿಡಮ,” ಎಂದರು.

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪೇರಿಸಿಟ್ಟ ಜಾಗಗಳನ್ನು ದಾಟಿ, ಕೇಳುತ್ತ ಕೇಳುತ್ತ ಒಂದು ಓಣಿಗೆ ತಿರುಗಿದೆವು. ಬೇವಿನ ಗಿಡದ ಕೆಳಗೆ ನಮ್ಮ ವ್ಯಾನು ನಿಂತಿತ್ತು. ನಾನು ನಮ್ಮ ವ್ಯಾನಿನಲ್ಲೇ ಕೂತಿದ್ದೆ. ಅದೇ ಮೂತಿ, ಅದೇ ಹಸಿರು. ನಮ್ಮದಕ್ಕಿಂತ ತುಸು ಮಾಸಿದೆ ಎಂಬುದನ್ನು ಆ ಹೊತ್ತಿನಲ್ಲೂ ಗಮನಿಸಿದೆ ಅನ್ನಿ. ಗಂಡ ನನ್ನ ಕಡೆ ನೋಡದೆ ಇಳಿದು ಹೋಗಿ ಅದರ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದರು. ಸೇರಿದ ಮಂದಿ ಎತ್ತುಗಳನ್ನು ನೋಡುವಂತೆ ಎರಡನ್ನೂ ನೋಡಿ, “ಜೋಡಿ ಚಲೋ ಅದ,” ಎಂದರು.

ಮನೆಯ ಯಜಮಾನ ಹೊರಗೆ ಬಂದ. ಸಂತೆಯಿಂದ ಸಂತೆಗೆ ಬಟ್ಟೆ ಒಯ್ದು ಮಾರುವ ನಡುವಯಸ್ಸಿನವನು. ಆ ವರ್ಷವಷ್ಟೇ ಗುಲಬರ್ಗಾ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದನಂತೆ. ನಮ್ಮ ವ್ಯಾನು ಕಂಡದ್ದೇ ನನಗೆ ಕೈ ಮುಗಿದ.

“ದೇವರು ಬಂದಂಗ ಬಂದ್ರಿ ತಾಯಿ. ನನ್ನ ವ್ಯಾನ್ ಜಹೀರಾಬಾದಿನಾಗ ಒಂದು ಮನಿ ಮುಂದ ನಿಂತಿರ್ತದಂತ ನಮ್ಮಾಕಿಗೆ ಯಾರೋ ಹೇಳ್ಯಾರ. ತಿಂಗಳಾತು, ನನ್ನ ಕೂಡ ಮಾತಿಲ್ಲ. ನೀವೊಂದು ಮಾತು ಹೇಳ್ರಿ.”

ಆಕೆ ಬಾಗಿಲಲ್ಲೇ ನಿಂತಿದ್ದಳು. ತುಟಿ ಬಿಗಿದು, ಸೊಂಟದ ಮೇಲೆ ಕೈಯಿಟ್ಟು. ನನ್ನನ್ನೇ ನಾನು ನೋಡಿದಂತಾಯಿತು.

“ಜಹೀರಾಬಾದಿನಾಗ ನಿಂತಿರೋದು ನಮ್ಮ ವ್ಯಾನ್ರಿ, ಆ ಮನಿನೂ ನಮ್ದೇ,” ಎಂದೆ. “ನಿಮ್ಮವರು ಹೇಳಿದ್ದು ಖರೆ ಅದ.”

ಆಕೆ ಅಲುಗಲಿಲ್ಲ. “ನೀವಾಗಿದ್ರ ನಂಬ್ತಿದ್ರೇನು?”

ಹಿಂದೆ ಗಂಡ ನಿಂತಿರುವುದು ಗೊತ್ತಿತ್ತು. ಮದುವೆಯಾದಂದಿನಿಂದ ನಾನು ಒಮ್ಮೆಯೂ ತಪ್ಪು ಒಪ್ಪಿಕೊಂಡವಳಲ್ಲ.

“ಇಲ್ಲರಿ, ನಂಬಲಿಲ್ಲ,” ಎಂದೆ. “ನಮ್ಮವರು ಖರೇನೇ ಹೇಳಿದ್ರು. ತಪ್ಪು ನಂದು.”

ಆಕೆ ಇನ್ನೂ ನನ್ನ ಮುಖವನ್ನೇ ಅಳೆಯುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ನನ್ನ ಗಂಡನ ದನಿ ಕೇಳಿತು: “ಆಕಿ ಮಾತು ನಂಬ್ರಿ ತಾಯಿ. ನಮ್ಮಾಕಿ ಸುಳ್ಳು ಹೇಳಾಕಿ ಅಲ್ಲ.”

ಆಕೆ ಸೊಂಟದ ಮೇಲಿನ ಕೈ ಇಳಿಸಿದಳು. ಅಷ್ಟು ಮಂದಿಯ ನಡುವೆ, ಇವರು ನನ್ನ ಗಂಡ ಎಂದು ನನ್ನ ಎದೆ ತುಂಬಿ ಬಂತು. ತಲೆ ಮಾತ್ರ ಎತ್ತಲಾಗಲಿಲ್ಲ.